ಹನ್ನೆರಡನೆಯವಳು

ಹಾಸ್ಟೆಲಿನ ಹುಡುಗಿಯರು ಅವಳನ್ನು ಟೇಪಮ್ಮ ಅನ್ನುತ್ತಿದ್ದರು. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದರೆ ಇನ್ನೇನು ಅಂದಾರು? ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ ಪುಣ್ಯಾತ್ಗಿತ್ತಿ. ಒಮ್ಮೆ ಅದರ ತುದಿ ನೀರಿನ ಲೋಟಕ್ಕೆ ಬಿದ್ದಾಗ ಹಿಂಡಿ, ಮತ್ತೆ ಕೊರಳಿಗೇ ಹಾಕಿಕೊಂಡಿದ್ದಳು. ಹುದ್ದೆಯ ಲೆಕ್ಕದಲ್ಲಿ ಅವಳು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೇಟ್ರನ್. ಅರ್ಜಿ ತೆಗೆದುಕೊಂಡು ರೂಮು ಹಂಚುವುದು, ಬೀಗದ ಕೈ ಕೊಡುವುದು, ಸೋರುವ ನಲ್ಲಿಗೆ ಪ್ಲಂಬರನನ್ನು ಬೈದು ಕರೆಸುವುದು, ಎಲ್ಲ ಅವಳದೇ.

ಅದಕ್ಕೂ ಮುಂಚೆ ಹನ್ನೊಂದು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದಿದ್ದಳು. ಕಾಲರ್ ಹೊಲಿಯುವ ಸಾಲು. ಬೆಳಗಿನಿಂದ ಸಂಜೆವರೆಗೆ ಬರೀ ಕಾಲರ್. ಇಡೀ ಅಂಗಿಯೊಂದು ಅವಳ ಕೈಯಿಂದ ಹೊರಬಿದ್ದದ್ದೇ ಇಲ್ಲ. "ಸಾವಿರಾರು ಜನಕ್ಕೆ ಕಾಲರ್ ಎತ್ತಿಕೊಂಡು ಓಡಾಡೋ ಭಾಗ್ಯ ಕೊಟ್ಟವಳು ನಾನು" ಅಂತ ನಗುತ್ತಿದ್ದಳು. ನಗು ಮೇಲಿನದು, ಒಳಗೆ ಆ ಸಂಕಟ ಹಾಗೇ ಇತ್ತು.

ಹೀಗಿರುವಾಗ ಹಾಸ್ಟೆಲಿನವರು ಒಂದು ಹೊಸ ಪದ್ಧತಿ ತಂದರು. ಒಂದೇ ಆಸಕ್ತಿಯವರು ಒಂದೇ ಮಹಡಿಯಲ್ಲಿ ಇರಬೇಕಂತೆ, ದಿನಾ ಸಂಜೆ ಎರಡು ಗಂಟೆ ಒಟ್ಟಿಗೆ ಕೂತು ಅದನ್ನೇ ಮಾಡಬೇಕಂತೆ. ಸಂಗೀತದ ಮಹಡಿ, ಗಣಿತದ ಮಹಡಿ, ಮೌನದ ಮಹಡಿ ಅಂತೆಲ್ಲ ಹುಟ್ಟಿಕೊಂಡವು. ಎಲ್ಲರಿಗಿಂತ ಹೆಚ್ಚು ಜಗಳ ಆಡುತ್ತಿದ್ದವರು ಮೌನದ ಮಹಡಿಯವರೇ, ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ. ಟೇಪಮ್ಮ ಧೈರ್ಯ ಮಾಡಿ ವಾರ್ಡನ್ ಮುಂದೆ ನಿಂತು, "ಹೊಲಿಗೆಗೂ ಒಂದು ಮಹಡಿ ಕೊಡಿ ಸಾರ್, ಕಲಿಸೋಕೆ ನಾನಿದ್ದೀನಿ" ಅಂದಳು. ವಾರ್ಡನ್ ಮೊದಲು ನಕ್ಕರು, ಆಮೇಲೆ ಕೊಟ್ಟರು. ಆದರೆ ಒಂದು ಮಾತು ಹೇಳಿದರು: "ಕಡಿಮೆ ಅಂದ್ರೂ ಹನ್ನೆರಡು ಜನ ಇರಬೇಕಮ್ಮ. ಹನ್ನೊಂದಾದ ದಿನ ಮುಚ್ಚಿಬಿಡ್ತೀವಿ."

ಮಹಡಿಯ ಹಾಲಿನಲ್ಲಿ ಆರು ಮಿಷಿನ್ ಬಂದವು. ಮೊದಲ ವರ್ಷವೇ ಟೇಪಮ್ಮ ಹುಡುಗಿಯರ ಜೊತೆ ಕೂತು ತಾನೂ ಒಂದು ಅಂಗಿ ಹೊಲಿದಳು, ತೋಳು, ಜೇಬು, ಗುಂಡಿ, ಕಾಲರ್ ಎಲ್ಲ ಸೇರಿ. ಅದನ್ನು ಹಾಕಿಕೊಂಡ ಗಂಡ, ಬೀಗ ರಿಪೇರಿಯವನು, ಅಂಗಡಿ ಮುಂದೆ ಮೂರು ದಿನ ಅದರಲ್ಲೇ ಕೂತಿದ್ದ. ಆ ಮಹಡಿ ಅಂದರೆ ಅವಳಿಗೆ ಪಂಚಪ್ರಾಣ.

ಮೂರನೇ ವರ್ಷ ಹೊಲಿಗೆಯ ಅರ್ಜಿ ಎಣಿಸಿದಳು, ಹನ್ನೊಂದು. ಬೆರಳಿಗೆ ಎಂಜಲು ಹಚ್ಚಿ ಮತ್ತೆ ಎಣಿಸಿದಳು. ಎಣಿಸಿದಷ್ಟೂ ಮರಿ ಹಾಕೋಕೆ ಅವೇನು ಮೊಲವೇ? ಹನ್ನೊಂದೇ ಇದ್ದವು. ಪಕ್ಕದಲ್ಲಿ ಗಣಿತದ ಕಟ್ಟು. ಅದರ ಮೇಲ್ಗಡೆಯೇ ಒಂದು ಅರ್ಜಿ. ಮೊದಲ ಆಯ್ಕೆ ಗಣಿತ, ಎರಡನೆಯದು ಹೊಲಿಗೆ. ಎರಡನೆಯದು ಬರೆಯದಿದ್ದರೆ ಅರ್ಜಿ ತಗೊಳಲ್ಲ ಅಂತ ಹೇಳಿ ಬರೆಸಿದ್ದು ಇದೇ ಟೇಪಮ್ಮನೇ. ಕಾರಣ ಕೇಳಿದ ಜಾಗದಲ್ಲಿ ಹುಡುಗಿ ಒಂದೇ ಸಾಲು ಬರೆದಿದ್ದಳು: "ನನಗೆ ಗಣಿತ ಬರಲ್ಲ, ಬರೋರ ಜೊತೆ ಇದ್ದರೆ ಬರಬಹುದು."

ಟೇಪಮ್ಮ ಆ ಸಾಲು ಓದಿದಳು. ಓದಿಯೂ ಅರ್ಜಿಯನ್ನು ಎತ್ತಿ ಹೊಲಿಗೆಯ ಕಟ್ಟಿಗೆ ಸೇರಿಸಿದಳು. ಒಂದು ಅಕ್ಷರ ತಿದ್ದಲಿಲ್ಲ, ಒಂದು ಗೆರೆ ಎಳೆಯಲಿಲ್ಲ. ಅರ್ಧ ಅಡಿ ದೂರ, ಅಷ್ಟೇ.

ಹುಡುಗಿ ಬಂದು ಕೇಳಿದಾಗ, "ಗಣಿತದ್ದು ತುಂಬಿಹೋಯ್ತು ಕಣಮ್ಮ" ಅಂದಳು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಸುಳ್ಳು. ನಿಜಕ್ಕೂ ಅಲ್ಲಿ ನಾಲ್ಕು ರೂಮು ಖಾಲಿ ಇದ್ದವು. ಯಾರ ಕಣ್ಣಿಗೂ ಬೀಳಬಾರದೆಂದು ಅವಕ್ಕೆ ಮುರುಕು ಮಂಚ ತುಂಬಿಸಿ ಬೀಗ ಜಡಿಸಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ತನಗೆ ತಾನೇ ಹೇಳಿಕೊಂಡಳು.

ಹುಡುಗಿ ಹೊಲಿಗೆಯ ಮಹಡಿಗೆ ಬಂದಳು. ಸೂಜಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಬೆರಳಿಗೆ ಚುಚ್ಚಿಕೊಂಡು ಚುಚ್ಚಿಕೊಂಡು ಅವಳ ಹೆಸರೇ ಬ್ಯಾಂಡೇಜ್ ಅಂತಾಯಿತು. ಅವಳೂ ನಗುತ್ತಿದ್ದಳು. ಟೇಪಮ್ಮ ತನ್ನ ತಾಯಿಯ ಅಕ್ಕನ ಥರಾನೇ ಇದ್ದಾರೆ ಅಂತ ಅವಳೊಬ್ಬಳೇ "ದೊಡ್ಡಮ್ಮ" ಅಂತ ಕರೆಯುತ್ತಿದ್ದಳು. ಕರೆದಾಗಲೆಲ್ಲ ಟೇಪಮ್ಮನ ಎದೆ ಚುರ್ ಅನ್ನುತ್ತಿತ್ತು.

ಸಂಜೆ ಮಿಷಿನ್ ಪಕ್ಕ ಗಣಿತದ ಪುಸ್ತಕ ಒರಗಿಸಿಕೊಂಡು ಹುಡುಗಿ ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಇಲ್ಲಿ ಇಡುತ್ತಿದ್ದಳು. "ಬಟ್ಟೆ ಕಡೆ ನೋಡು ಕಂದಾ, ಬೆರಳು ಹೋಗುತ್ತೆ" ಅಂತ ಟೇಪಮ್ಮನೇ ಆ ಪುಸ್ತಕ ಎಷ್ಟು ಸಲ ಮುಚ್ಚಿಟ್ಟಳೋ. ಮೇಲಿನ ಗಣಿತದ ಮಹಡಿಯಲ್ಲಿ ಅದೇ ಹೊತ್ತಿಗೆ ಸೀನಿಯರ್‌ಗಳು ಬೋರ್ಡ್ ಮುಂದೆ ನಿಂತು ಒಬ್ಬೊಬ್ಬರಿಗೂ ಲೆಕ್ಕ ಬಿಡಿಸಿ ತೋರಿಸುತ್ತಿದ್ದರು. ಸೀಮೆಸುಣ್ಣದ ಟಕಟಕ ಕೆಳಗಿನವರೆಗೂ ಕೇಳುತ್ತಿತ್ತು.

ಫಲಿತಾಂಶ ಬಂತು. ಹುಡುಗಿ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಡುಮ್ಕಿ. ಇನ್ನೊಂದು ಸಲ ಫೇಲಾದರೆ ಕೋರ್ಸಿನಿಂದಲೇ ಮನೆಗೆ, ಅದು ವಿಶ್ವವಿದ್ಯಾಲಯದ ನಿಯಮ. ಮೇಲಿನ ಮಹಡಿಯಲ್ಲಿ ಇವಳಷ್ಟೇ ದಡ್ಡರಾಗಿ ಸೇರಿದ ಮೂವರೂ ದಡ ಸೇರಿದ್ದರು. ಟೇಪಮ್ಮ ಆ ಪಟ್ಟಿಯನ್ನು ನೋಟಿಸ್ ಬೋರ್ಡಿನಲ್ಲಿ ಬೆರಳಿಟ್ಟು ಎರಡು ಸಲ ಓದಿದಳು.

ಅಂದಿನಿಂದ ಊಟ ಸೇರಲಿಲ್ಲ. ಗಂಡನ ಮುಂದೆ ಎಲ್ಲ ಬಾಯಿಬಿಟ್ಟಳು. ಅವನು ಕೇಳಿ, "ತಪ್ಪು ಮಾಡಿದ್ದು ಕೈ, ಶಿಕ್ಷೆ ಹೊಟ್ಟೆಗಾ? ಇದ್ಯಾವ ನ್ಯಾಯ" ಅಂದ. ಆಮೇಲೆ ತಟ್ಟೆ ಅವಳ ಕಡೆ ತಳ್ಳಿ ಮೆಲ್ಲಗೆ, "ನನ್ನ ಮುಂದೆ ಹೇಳಿದ್ರೆ ಏನು ಬಂತು? ಹೇಳಬೇಕಾದ್ದು ಆ ಹುಡುಗಿಗೆ" ಅಂದ.

ಹೇಳಬೇಕು ಅಂತ ಎರಡು ಸಲ ಅವಳ ರೂಮಿನ ತನಕ ಹೋದಳು. ಒಂದು ಸಲ "ನಲ್ಲಿ ಸರಿ ಇದೆಯಾ" ಅಂತ ಕೇಳಿ ಬಂದಳು, ಇನ್ನೊಂದು ಸಲ ಬಲ್ಬು ನೋಡಿ ಬಂದಳು. ಅಷ್ಟರಲ್ಲಿ ವಾರ್ಡನ್, "ಗಣಿತದ ಮಹಡೀಲಿ ಮುಚ್ಚಿದ ರೂಮಲ್ಲಿ ಏನಿದೆಯಮ್ಮ?" ಅಂತ ಸುಮ್ಮನೆ ಕೇಳಿದರೆ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಳು. ಅವರು ಅರ್ಥವಾಗದೆ ತಲೆಯಾಡಿಸಿ ಹೋದರು.

ಹೊಸ ವರ್ಷದ ಅರ್ಜಿಯ ಕೊನೆಯ ದಿನ ಬಂತು. ಹೊಲಿಗೆಗೆ ಈ ಸಲವೂ ಹನ್ನೊಂದೇ ಅಂತ ಹುಡುಗಿಯರಿಗೆಲ್ಲ ಗೊತ್ತಾಗಿತ್ತು. ಮಧ್ಯಾಹ್ನ ಬ್ಯಾಂಡೇಜ್ ಬಂದು ಮೇಜಿನ ಮುಂದೆ ನಿಂತಳು, ಬೆರಳಿಗೆ ಹೊಸ ಪಟ್ಟಿ.

"ತಗೊಳ್ಳಿ ದೊಡ್ಡಮ್ಮ. ನಿಮ್ಮ ಹನ್ನೆರಡು ಆಯ್ತು."

ಮೊದಲ ಆಯ್ಕೆ ಹೊಲಿಗೆ. ಎರಡನೆಯದೂ ಹೊಲಿಗೆ.

"ಗಣಿತ ಯಾಕೆ ಬರೀಲಿಲ್ಲ?" ಟೇಪಮ್ಮ ಕೇಳಿದಳು.

"ಹೋದ ವರ್ಷವೇ ಅಲ್ಲಿ ನಂಗೆ ಜಾಗ ಸಿಗಲಿಲ್ಲ. ಈಗ ಫೇಲಾದವಳನ್ನ ಸೇರಿಸ್ಕೊಳ್ತಾರಾ? ಸುಮ್ನೆ ಕೇಳಿ ಇಲ್ಲ ಅನ್ನಿಸ್ಕೊಳ್ಳೋದ್ಯಾಕೆ. ಇಲ್ಲಿ ನೀವಾದ್ರೂ ಇದ್ದೀರ."

ಟೇಪಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅರ್ಜಿಯನ್ನು ಹೊಲಿಗೆಯ ಕಟ್ಟಿನ ಮೇಲಿಟ್ಟರೆ ಸಾಕಿತ್ತು, ಮಿಷಿನ್‌ಗಳು ಉಳಿಯುತ್ತಿದ್ದವು, ಯಾರೂ ಏನೂ ಕೇಳುತ್ತಿರಲಿಲ್ಲ. ಈ ಸಲ ಹುಡುಗಿ ತಾನಾಗೇ ಬರೆದುಕೊಟ್ಟಿದ್ದಳು. ಟೇಪಮ್ಮ ಅದನ್ನು ಕೈಯಲ್ಲೇ ಹಿಡಿದುಕೊಂಡಳು, ಆಮೇಲೆ ಎರಡು ತುಂಡು ಮಾಡಿ, ಡ್ರಾಯರಿನಿಂದ ಖಾಲಿ ಅರ್ಜಿ ತೆಗೆದು ಹುಡುಗಿಯ ಮುಂದಿಟ್ಟಳು.

"ಗಣಿತ ಅಂತ ಬರಿ. ಹೋದ ವರ್ಷ ಅಲ್ಲಿ ತುಂಬಿರಲಿಲ್ಲ. ನಾಲ್ಕು ರೂಮು ಖಾಲಿ ಇದ್ವು. ಮುರುಕು ಮಂಚ ತುಂಬಿಸಿ ಬೀಗ ಹಾಕಿಸಿದವಳು ನಾನೇ. ನನಗೆ ಹನ್ನೆರಡನೆಯವಳು ಬೇಕಿತ್ತು, ನಿನ್ನ ಅರ್ಜಿ ಮೇಲೇ ಇತ್ತು. ನಿನ್ನ ಒಂದು ವರ್ಷ ತಿಂದುಹಾಕಿದೆ ನಾನು."

ಹುಡುಗಿ ಬೆರಳಿನ ಪಟ್ಟಿಯ ಅಂಚನ್ನು ಉಗುರಿನಿಂದ ಬಿಡಿಸುತ್ತಾ ನಿಂತಳು.

"ನಾಲ್ಕು ರೂಮಾ?"

"ನಾಲ್ಕು."

ಅವಳು ಪೆನ್ನು ಕೇಳಿ ತೆಗೆದುಕೊಂಡಳು. ನಿಂತೇ ಬರೆದಳು. ಕಾರಣದ ಜಾಗವನ್ನು ಈ ಸಲ ಖಾಲಿ ಬಿಟ್ಟಳು. ಟೇಪಮ್ಮ ಅದನ್ನು ಗಣಿತದ ಕಟ್ಟಿನ ಮೇಲಿಟ್ಟು, ಬೀಗದ ಕೈ ಗೊಂಚಲು ತೆಗೆದಳು. ಮಂಚಗಳನ್ನೆಲ್ಲ ಇವತ್ತೇ ನಾನೇ ಹೊರಗೆ ಹಾಕುತ್ತೇನೆ, ರೂಮು ತೊಳೆಸಿಕೊಡುತ್ತೇನೆ ಅಂತ ಏನೇನೋ ಹೇಳತೊಡಗಿದಳು. ಹುಡುಗಿ ಪೂರ್ತಿ ಕೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು, ಕೈ ಚಾಚಿದಳು.

"ಯಾವುದಾದ್ರೂ ಒಂದರ ಕೀ ಕೊಡಿ, ಮೇಡಂ."