ಪೇಂಟ್ ಬಕೆಟ್ಟು ಮತ್ತು ಅಪ್ಪನ ಹೆಸರು

ನನ್ನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಅವನ್ನು ಮುರಿದವನು ನನ್ನ ಅಣ್ಣ. ತಪ್ಪು ನನ್ನದೂ ಇತ್ತು.

ನಮ್ಮಪ್ಪ ಅಜ್ಜಂಪುರದ ಸುತ್ತಿನ ಹಳ್ಳಿಗಳಲ್ಲಿ ಹೆಣದ ಮುಂದೆ ತಮಟೆ ಬಾರಿಸುತ್ತಿದ್ದ. ಕರೆದರೆ ಹೋಗಲೇಬೇಕಿತ್ತು. ಒಂದು ಸಲ, ಇನ್ನು ಬಾರಿಸುವುದಿಲ್ಲ ಅಂದುಬಿಟ್ಟ. ಹೆಣವಿದ್ದ ಮನೆಯ ನಾಲ್ವರು ಬಂದು ಅವನನ್ನು ಅಂಗಳಕ್ಕೆ ಎಳೆದು, ನೊಗದ ಗೂಟದಿಂದ ಬಲಗೈಗೆ ಹೊಡೆದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನನಗೆ ಎಂಟು ವರ್ಷ, ಅಣ್ಣನಿಗೆ ಹದಿನಾಲ್ಕು. ಅಡ್ಡ ಹೋದ ಅಣ್ಣನ ಬಾಯಿಗೆ ಒದ್ದರು. ಮುಂದಿನ ಹಲ್ಲು ಮಣ್ಣಿಗೆ ಬಿತ್ತು.

ಮಾರನೇ ದಿನ ಅಪ್ಪ ಎಡಗೈಯಲ್ಲೇ ತಮಟೆ ಎತ್ತಿ ಒಲೆಗಿಟ್ಟ. ಚರ್ಮ ಸುಟ್ಟ ವಾಸನೆ ಎಷ್ಟೋ ದಿನ ಮನೆ ಬಿಡಲಿಲ್ಲ. "ಈ ಮನೇಲಿ ಇನ್ ಯಾರೂ ತಮಟೆ ಮುಟ್ಟಂಗಿಲ್ಲ," ಅಂದ. ಆಮೇಲಾಮೇಲೆ ತಮಟೆ ತೂಗುತ್ತಿದ್ದ ಗೋಡೆಗೆ ಬುದ್ಧನ ಫೋಟೊ ಬಂತು.

ನಾನು ಓದಲು ಕಲಿತದ್ದು ಇಪ್ಪತ್ತೆರಡಕ್ಕೆ. ಕಲಿತು ಮೊದಲು ಬರೆದದ್ದು ಅಪ್ಪನ ಹೆಸರು. ಅಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ಆ ಹೆಸರು ಎಲ್ಲಾದರೂ ನಾಲ್ಕು ಜನ ನೋಡುವ ಹಾಗೆ ಬರಬೇಕು ಅನ್ನುವ ಆಸೆ ನನಗೆ ಹತ್ತಿಕೊಂಡಿತು.

ಈಚೆಗೆ ಕಡೂರಿನ ಒಬ್ಬ ಗಾಯಕನ ಸ್ಟುಡಿಯೊಗೆ ವೈರಿಂಗ್ ಮಾಡಲು ಹೋಗಿದ್ದೆ. ಗೊಬ್ಬರದಂಗಡಿ ಮೇಲಿನ ಒಂದೇ ರೂಮು, ಗೋಡೆಗೆಲ್ಲ ಮೊಟ್ಟೆಯ ಟ್ರೇ. ಆತ ತಿಂಗಳಿಗೊಂದು ಆಲ್ಬಂ ಬಿಡುತ್ತಿದ್ದ. ದೇವರದು, ಮದುವೆಯದು, ಎಲೆಕ್ಷನ್ನಿನದು. ಈ ಸಲ ಫಂಕ್ ಮತ್ತು ಪಾಪ್ ಮಾಡಬೇಕೆಂದು ಹಠ ಹಿಡಿದು, ಕಂಪ್ಯೂಟರಿನ ಡ್ರಮ್ಮಿಗೆ ಬಯ್ಯುತ್ತ ಕೂತಿದ್ದ. ನಾನು ಖಾಲಿ ಪೇಂಟ್ ಬಕೆಟ್ ಮಗುಚಿ ಸುಮ್ಮನೆ ಬೆರಳಾಡಿಸಿದೆ.

"ಲೇ, ಏನಯ್ಯ ಅದು? ಇನ್ನೊಂದ್ಸಲ ಬಾರ್ಸು."

"ಹೆಣದ್ ಮುಂದಿನ್ದು ಸಾರ್. ಅಪ್ಪಂದು."

"ಹೆಣಾನೂ ಎದ್ ಕುಣೀಬೇಕು, ಅದೇ ಫಂಕ್ ಕಣಯ್ಯ. ಬಾರ್ಸು."

ಚರ್ಮವಲ್ಲ, ಪ್ಲಾಸ್ಟಿಕ್, ಅಪ್ಪನ ಮಾತು ಮುರಿದ ಹಾಗಾಗುವುದಿಲ್ಲ ಅಂದುಕೊಂಡೆ. ಬೇಸ್ ಗಿಟಾರಿನ ಕೆಳಗೆ ಅಪ್ಪನ ಏಟು ಕೂತಾಗ ಮೈ ಜುಮ್ಮೆಂದಿತು. ಯಾರ ಹೆಸರು ಹಾಕಲಿ ಅಂತ ಆತ ಕೇಳಿದ. ನಾನೇ ಟೈಪ್ ಮಾಡಿಕೊಟ್ಟೆ. ಆಲ್ಬಮ್ಮಿನ ಕೆಳಗೆ 'ತಮಟೆ' ಅಂತ ಬಂತು, ಅದರ ಪಕ್ಕ ಅಪ್ಪನ ಹೆಸರು.

ಒಂದು ಮಧ್ಯಾಹ್ನ ಉಣ್ಣುತ್ತಿದ್ದೆ. ಅಣ್ಣ ಬಂದವನೇ ತಟ್ಟೆ ಒದ್ದು ಮೊಬೈಲನ್ನು ಮುಖಕ್ಕೆ ಹಿಡಿದ.

"ಓದ್ಲಾ ಇದ. ಓದಕ್ ಕಲ್ತಿದ್ದೀಯಲ್ಲ."

ಓದಿದೆ.

"ಬಾರ್ಸಲ್ಲ ಅಂತ ಕೈ ಮುರುಸ್ಕಂಡೋನು ಅವ್ನು. ಅವನ್ ಹೆಸ್ರ್ ಪಕ್ಕ ಮತ್ತೆ ತಮಟೆ ಕಟ್ಟಿದ್ದೀಯ."

"ಬಕೆಟ್ಟು ಕಣಣ್ಣ," ಅಂದೆ.

ಕೂದಲು ಹಿಡಿದು ಎಳೆದು, ಮೊಣಕಾಲಿನಿಂದ ಮೂಗಿಗೆ ಗುದ್ದಿದ. ಬಾಯಿಗೆಲ್ಲ ರಕ್ತ ಇಳಿಯಿತು. ನನ್ನ ಬಲಗೈಯನ್ನು ಹೊಸಿಲ ಮೇಲೆ ಮೆಟ್ಟಿ ಹಿಡಿದು ರುಬ್ಬುಗುಂಡು ಎತ್ತಿ ಹಾಕಿದ. ಎರಡನೇ ಸಲ ಎತ್ತಿದಾಗ ನನ್ನ ಹೆಂಡತಿ ಕೊಡಲಿ ಕಾವಿನಿಂದ ಅವನ ಬೆನ್ನಿಗೆ ಬಾರಿಸಿದಳು.

"ಬಿಡಿ ಬಾವ. ಅನ್ನ ತಿನ್ನೋ ಕೈ ಅದು."

ಅವನು ಗುಂಡು ಕೆಳಗಿಟ್ಟ. "ನಂಗ್ ತಮ್ಮ ಇಲ್ಲ," ಅಂದು ಹೋದ.

ಎಡಗೈಯಲ್ಲಿ ಮೆಸೇಜ್ ಟೈಪ್ ಮಾಡಿ ಹೆಸರು ತೆಗೆಸಿದೆ. ಗಾಯಕ ಆಗಲೇ ಮುಂದಿನ ಆಲ್ಬಮ್ಮಿನಲ್ಲಿದ್ದ. ಹಾಡನ್ನೂ ತೆಗೆಯಿರಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಅಣ್ಣ ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಿದ್ದ. ಅವನನ್ನು ಬಿಟ್ಟರೆ ನನಗೆ ಒಡಹುಟ್ಟಿದವರಿಲ್ಲ.

ಮೊನ್ನೆ ತರೀಕೆರೆ ಬಸ್ಸಿನಲ್ಲಿ ಅವನು ಮುಂದೆ ಕೂತಿದ್ದ, ನಾನು ಹಿಂದೆ. ಆ ಹಾಡು ಶುರುವಾಯಿತು. ಅಣ್ಣ ಎದ್ದು ಹೋಗಿ ಸ್ಪೀಕರಿಗೆ ಗುದ್ದಿದ, ಮತ್ತೆ ಗುದ್ದಿದ. ಜಾಲರಿ ಹರಿದು ಕೈ ಕುಯ್ದುಕೊಂಡಿತು. ಕಂಡಕ್ಟರ್ ಅವನ ಕಾಲರ್ ಹಿಡಿದು ಕಪಾಳಕ್ಕೆ ಬಿಟ್ಟ.

"ಬೆಳಿಗ್ಗೇನೇ ಹಾಕಿದ್ದೀಯೇನೋ?"

ನಾನು ನುಗ್ಗಿ ಕಾಲರಿನಿಂದ ಆ ಕೈ ಬಿಡಿಸಿದೆ. "ಹಾಡ್ ನಿಲ್ಸು ಮೊದ್ಲು."

"ಯಾಕಣ್ಣ, ಚೆನ್ನಾಗೈತಲ್ಲ."

"ಬಾರ್ಸಿರೋನ್ ನಾನೇ. ನಿಲ್ಸು. ಇವ್ನು ನಮ್ಮಣ್ಣ."

ಹಾಡು ನಿಂತಿತು. ಅಣ್ಣ ಕೂತ. ಪಕ್ಕದ ಸೀಟು ಖಾಲಿಯಿದ್ದರೂ ಕರೆಯಲಿಲ್ಲ; ನಾನು ನಿಂತೇ ಇದ್ದೆ. ಅಮೃತಾಪುರದಲ್ಲಿ ಇಳಿಯುವಾಗ ಮಾತ್ರ ನನ್ನ ಕೈ ಕಡೆ ನೋಡಿದ.

"ಬೆರಳು ಮಡಚ್ತಾವಾ?"

"ಎರಡು ಮಡಚಲ್ಲ."

ಅವನು ತನ್ನ ರಕ್ತದ ಕೈಯನ್ನು ಟವೆಲ್ಲಿಗೆ ಒರೆಸಿ, ಆ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಇಳಿದ.