ಒಂದೇ ಗೂಡಿನಿಂದ ಒಡೆದ ಹನ್ನೆರಡು ಪೆಟ್ಟಿಗೆಗಳು

ಕಾಪುವಿನ ಗ್ಲ್ಯಾಡಿಸ್ ಮಥಾಯಸ್ ಬೆಳಿಗ್ಗೆ ಕುಟುಕದ ಮುಜಂಟಿ ಜೇನಿನ ಪೆಟ್ಟಿಗೆಯೊಂದನ್ನು ತೆರೆದರು. ಕೆಲಸಗಾರ ಹುಳುಗಳು ತಮ್ಮ ರಾಣಿಯನ್ನೇ ಕೊಂದು ಹಾಕಿದ್ದವು. ಹನ್ನೆರಡು ಪೆಟ್ಟಿಗೆಗಳಲ್ಲಿ ಹೀಗಾದದ್ದು ಇದು ಏಳನೆಯದು.

ಪೆಟ್ಟಿಗೆ ಕೊಟ್ಟ ಜೇನು ಸಾಕಣೆದಾರರ ಸಂಘದ ಮೇಲ್ವಿಚಾರಕ ಬಂದು ನೋಡಿದ. "ಎಂತ ಬಾಯಮ್ಮ, ಕ್ಲೀನ್ ಇಡ್ಲಿಕ್ಕೆ ಗೊತ್ತಿಲ್ವಾ? ಇದು ಕೋಳಿಗೂಡಲ್ಲ."

ವಾರದೊಳಗೆ ಅವರನ್ನು ಸದಸ್ಯತ್ವದಿಂದ ತೆಗೆಯುವ ನೋಟಿಸು ಬಂತು. ಇಪ್ಪತ್ತೆರಡು ವರ್ಷ ಜೇನು ಸಾಕಿದ ಗ್ಲ್ಯಾಡಿಸ್, ಗೂಡಿನ ಮರಿಹುಳುಗಳನ್ನು ಮಣಿಪಾಲದಲ್ಲಿರುವ ಸಂಶೋಧಕಿ ಮೇಧಾ ಬಳಿ ಒಯ್ದರು.

ಗಂಡು ಜೇನಿನಲ್ಲಿ ಹೆಣ್ಣಿನ ಅರ್ಧದಷ್ಟೇ ಕ್ರೋಮೋಸೋಮುಗಳಿರಬೇಕು. ಈ ಗೂಡಿನ ಗಂಡುಗಳಲ್ಲಿ ಹೆಣ್ಣಿನಷ್ಟೇ ಇವೆ ಎಂದು ಮೇಧಾ ಪರೀಕ್ಷಿಸಿ ವರದಿ ಕೊಟ್ಟರು. ಹತ್ತಿರದ ಸಂಬಂಧದಲ್ಲೇ ಕೂಡಿದರೆ ಹೀಗಾಗುತ್ತದೆ. ಕೆಲಸಗಾರರಾಗಬೇಕಿದ್ದ ಹುಳುಗಳಲ್ಲಿ ಅರ್ಧದಷ್ಟು ಉಪಯೋಗವಿಲ್ಲದ ಗಂಡುಗಳಾಗುತ್ತವೆ. ಅಂಥ ರಾಣಿಯನ್ನು ಗೂಡು ಉಳಿಸುವುದಿಲ್ಲ.

ಹನ್ನೆರಡು ಪೆಟ್ಟಿಗೆಗಳನ್ನೂ ಸಂಘ ಒಂದೇ ಗೂಡಿನಿಂದ ಒಡೆದು ಕೊಟ್ಟಿತ್ತು.

"ಅಣ್ಣ ತಂಗಿಗೆ ಮದುವೆ ಮಾಡಿಸಿದ್ದು ಅವರು, ಮಾರಾಯ್ರೆ. ಬೈಗುಳ ಮಾತ್ರ ನನಗೆ!" ಎಂದರು ಗ್ಲ್ಯಾಡಿಸ್.

ವರದಿ ತಲುಪಿದ ಮೇಲೂ ಸಂಘ ನೋಟಿಸನ್ನು ಹಿಂಪಡೆದಿಲ್ಲ. ಅದೇ ಗೂಡಿನ ಇನ್ನೂ ಎಂಟು ಪೆಟ್ಟಿಗೆಗಳನ್ನು ಬುಧವಾರ ಕಾರ್ಕಳದಲ್ಲಿ ಹಂಚಲಿದೆ. ವರದಿಯ ಎಂಟು ನಕಲುಗಳೊಂದಿಗೆ ಗ್ಲ್ಯಾಡಿಸ್ ಅಲ್ಲಿಗೆ ಹೋಗುತ್ತಾರೆ.