ನಡುವಿನ ಬಿಳಿ

ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ನಾನು ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದೆ. ಸಂಜೆ ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಿ ಚಿತ್ರ. ಮರ, ನದಿ, ಕೊಡ ಹೊತ್ತ ಹೆಂಗಸು ಯಾವುದೂ ಇಲ್ಲದ ಚಿತ್ರ. ಎಡಕ್ಕೊಂದು ಕೆಂಪು ಚೌಕ, ಬಲಕ್ಕೊಂದು ನೀಲಿ ತ್ರಿಕೋನ, ಕೆಳಗೆ ಹಳದಿ ಪಟ್ಟಿ. ಮೂರೂ ನಡುವಿಗೆ ವಾಲಬೇಕು, ಒಂದೂ ನಡುವನ್ನು ಮುಟ್ಟಬಾರದು. ಆ ನಡುವಿನ ಬಿಳಿಯನ್ನು ಖಾಲಿ ಉಳಿಸಲು ನನಗೆ ಐದು ತಿಂಗಳು ಹಿಡಿಯಿತು. ಏನೂ ಬರೆಯದೆ ಇರುವುದಕ್ಕೆ ಐದು ತಿಂಗಳೇ ಎಂದು ಕೇಳುವವರ ಜೊತೆ ಮಾತು ಬಿಟ್ಟಿದ್ದೇನೆ.

ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ ಅದನ್ನು ಲೇತುಗಳ ಶೆಡ್ಡಿನ ಗೋಡೆಗೆ ಹಾಕಿಸಿದರು. ನನ್ನ ಚಿತ್ರ ಗೋಡೆ ಕಂಡದ್ದು ಅದೇ ಮೊದಲು.

ಆಯುಧಪೂಜೆಯ ದಿನ ನನಗೆ ಜ್ವರ. ಹಬ್ಬ ಮುಗಿದ ಮೇಲೆ ಕಾರ್ಖಾನೆಗೆ ಹೋದರೆ, ಲೇತು, ಡ್ರಿಲ್ಲು, ಮ್ಯಾನೇಜರ ಸ್ಕೂಟರು, ಎಲ್ಲದಕ್ಕೂ ಕುಂಕುಮ. ನನ್ನ ಬಿಳಿಯ ನಟ್ಟನಡುವೆಯೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಎಂಟಾಣೆಯಗಲದ ಬೊಟ್ಟು. ಕೆಂಪು ಬೇಡವೆಂದು ನಾನು ಐದು ತಿಂಗಳು ಕೈ ಕಟ್ಟಿಕೊಂಡಿದ್ದ ಜಾಗದಲ್ಲಿ ಕೆಂಪೇ ಬಂದು ಕೂತಿತ್ತು. ಚೌಕ, ತ್ರಿಕೋನಗಳು ಆ ಬೊಟ್ಟಿಗೆ ಕೈಮುಗಿದು ನಿಂತ ಭಕ್ತಾದಿಗಳಾಗಿದ್ದವು.

ಇಟ್ಟವನು ಫಿಟ್ಟರ್.

"ಯಾರಯ್ಯಾ ನಿನಗೆ ಹೇಳಿದ್ದು?"

"ಎಲ್ಲಾ ಮೆಷೀನ್‌ಗೂ ಇಟ್ಟೆ ಸಾರ್, ನಿಮ್ದೊಂದ್ ಬಿಟ್ರೆ ಬೇಜಾರ್ ಮಾಡ್ಕೋತೀರಾ ಅಂತ... ದಾರ ಹಿಡಿದು ಸೆಂಟರ್ ತೆಗ್ದಿದೀನಿ, ಒಂದು ನೂಲು ಆಚೀಚೆ ಇಲ್ಲ. ಬೇಕಾದ್ರೆ ಅಳೆದು ನೋಡಿ!"

ಅಳೆದೆ. ಇರಲಿಲ್ಲ. ಇನ್ನಷ್ಟು ಉರಿಯಿತು.

ಮ್ಯಾನೇಜರ್ ಬಂದು ತಲೆದೂಗಿದರು. "ಈಗ ನೋಡಿ, ಒಂದು ಕಳೆ ಬಂತು ಕಣ್ರೀ. ಮೊದ್ಲು ಏನೋ ಬೋಳು ಬೋಳಾಗಿತ್ತು."

ಬಾಯಿಗೆ ಬಂದದ್ದನ್ನು ನುಂಗಿದೆ, ಸಂಬಳ ಕೊಡುವವರು. ನನ್ನ ಮುಖ ನೋಡಿ ಕನಿಕರಪಟ್ಟ ಫಿಟ್ಟರ್, ಸೀಮೆಎಣ್ಣೆ ಅದ್ದಿದ ಬಟ್ಟೆ ತಂದ. "ತಡಿ, ಮುಟ್ಟಬೇಡ!" ಎನ್ನುವಷ್ಟರಲ್ಲಿ ಒರೆಸಿಯೇ ಬಿಟ್ಟ. ಎಂಟಾಣೆಯಗಲದ್ದು ಊಟದ ತಟ್ಟೆಯಗಲವಾಗಿ, ನೀಲಿಯ ತುದಿಯನ್ನೂ ಎಳೆದುಕೊಂಡಿತು.

ಅವತ್ತೇ ಮೊಳೆಯಿಂದ ಇಳಿಸಿ ಮನೆಗೆ ತಂದೆ. ಬಿಳಿ ಬಳಿದೆ, ಒಣಗುತ್ತಲೇ ಅಡಿಯಿಂದ ಗುಲಾಬಿ ಎದ್ದಿತು. ಮತ್ತೆ ಬಳಿದೆ, ಮತ್ತೆ ಎದ್ದಿತು.

"ಗೋಡೆ ಬಿಕೋ ಅಂತಿದೆ, ಯಾವಾಗ ತರ್ತೀರಿ?" ಎಂದು ಮ್ಯಾನೇಜರ್ ಕೇಳಿದರು.

"ನಡು ಖಾಲಿಯಾದ ಮೇಲೆ ಸಾರ್" ಎಂದೆ.

ಕಾರ್ಖಾನೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಮೊನ್ನೆಯೂ ಒಂದು ಕೋಟು ಬಿಳಿ ಬಳಿದಿದ್ದೇನೆ.